ದೀಪದ ಕೋಣೆಯ ಲ್ಯಾಪ್‌ಟಾಪ್

ಟಾರ್ಚು ಹಿಡಿದು ಮೊದಲು ಕೆಳಗಿಳಿದವನು ನಾನೇ. ರಂಗದ ಮುಂದೆ ವಾದ್ಯದವರು ಕೂರುವ ತಗ್ಗಿನಲ್ಲಿ ದೊಡ್ಡಮ್ಮ ಬಿದ್ದಿದ್ದರು. ಕತ್ತು ಒಂದು ಕಡೆ ವಾಲಿತ್ತು. ಮೂಗಿನ ಹತ್ತಿರ ಬೆರಳಿಟ್ಟೆ. ಉಸಿರಿರಲಿಲ್ಲ. ಇದೂ ನಾಟಕವೇ ಇರಬೇಕೆಂದು ಪ್ರೇಕ್ಷಕರು ಸುಮ್ಮನೆ ಕೂತೇ ಇದ್ದರು.

ನಾನು ತಂಡದ ಪ್ರಾಂಪ್ಟರ್. ಪರದೆಯ ಮರೆಯಲ್ಲಿ ನಿಂತು, ಮಾತು ಮರೆತವರಿಗೆ ಎತ್ತಿಕೊಡುವುದು ನನ್ನ ಕೆಲಸ. ದೊಡ್ಡಮ್ಮನಿಗೆ ಒಂದು ದಿನವೂ ಎತ್ತಿಕೊಟ್ಟವನಲ್ಲ. ನಾವೆಲ್ಲ ದೊಡ್ಡಮ್ಮ ಎಂದೇ ಕರೆಯುತ್ತಿದ್ದ ಆಕೆ ತಂಡದ ಹಿರಿಯ ನಟಿ. ಮಾತೂ ಮರೆಯುತ್ತಿರಲಿಲ್ಲ, ಹೆಜ್ಜೆಯೂ ತಪ್ಪುತ್ತಿರಲಿಲ್ಲ. ಆ ದೃಶ್ಯ ಹೀಗಿದೆ — ಎಲ್ಲ ದೀಪ ಆರುತ್ತವೆ. ಕತ್ತಲಲ್ಲಿ ಆಕೆ ಮುಂದಕ್ಕೆ ನಡೆದು ಬರಬೇಕು. ಮುಖದ ಮೇಲೆ ಬೆಳಕು ಬಿದ್ದ ಕೂಡಲೇ ನಿಲ್ಲಬೇಕು. ಅವತ್ತು ಬೆಳಕು ಬೀಳಲಿಲ್ಲ. ಆಕೆ ನಿಲ್ಲಲಿಲ್ಲ.

ದೀಪಗಳನ್ನೆಲ್ಲ ನಡೆಸುವುದು ಮೇಲಿನ ಕೋಣೆಯ ಒಂದು ಹಳೆಯ ಲ್ಯಾಪ್‌ಟಾಪ್. ಸರಿಯಾಗಿ ಆ ಗಳಿಗೆಯಲ್ಲಿ ಅದು ಹ್ಯಾಂಗ್ ಆಗಿ ನಿಂತಿತ್ತು. ಅದಕ್ಕೆ ಇತ್ತೀಚೆಗಷ್ಟೇ ಹೊಸ ಮೆಮೊರಿ ಹಾಕಿದವನು ದೀಪಗಳನ್ನು ನೋಡಿಕೊಳ್ಳುವ ದೀಪಣ್ಣ. ಇನ್ನೇನು ಬೇಕು ಜನಕ್ಕೆ? ಎಲ್ಲರ ಬೆರಳೂ ಅವನ ಕಡೆಗೇ. ದೊಡ್ಡಮ್ಮನ ಮಗನನ್ನು, ವಯಸ್ಸು ಮೂವತ್ತಾಗುತ್ತ ಬಂದರೂ, ನಾವು ಪುಟ್ಟ ಅಂತಲೇ ಕರೆಯುವುದು. ಅವನು ಸ್ಮಶಾನದಲ್ಲೇ ದೀಪಣ್ಣನ ಕೊರಳಪಟ್ಟಿ ಹಿಡಿದ. ನಾಳೆ ಸಂಜೆ ದೂರು ಕೊಟ್ಟು ಜೈಲಿಗೆ ಹಾಕಿಸುತ್ತೇನೆಂದ. ದೀಪಣ್ಣ ಬಿಡಿಸಿಕೊಳ್ಳಲೂ ಹೋಗಲಿಲ್ಲ. ನೋಡಲಾಗದೆ ನಾನು ನಮ್ಮಕ್ಕನಿಗೆ ಫೋನು ಮಾಡಿದೆ.

ಅಕ್ಕ ಪೊಲೀಸಿನಲ್ಲಿ ಕಂಪ್ಯೂಟರ್ ಅಪರಾಧಗಳ ವಿಭಾಗದಲ್ಲಿದ್ದು ನಿವೃತ್ತಳಾದವಳು. ನಗುವುದು ಕಡಿಮೆ, ನಂಬುವುದು ಇನ್ನೂ ಕಡಿಮೆ. ಮಾರನೆಯ ದಿನ ಮಧ್ಯಾಹ್ನ ದೀಪದ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿದಳು — ದೀಪಣ್ಣ, ಪುಟ್ಟ, ನಿರ್ದೇಶಕ ಮೇಷ್ಟ್ರು. ಕಿಟಕಿಯಿಲ್ಲದ ಕೋಣೆ, ಸುಟ್ಟ ವೈರಿನ ವಾಸನೆ.

ಪುಟ್ಟ ತನ್ನ ಲ್ಯಾಪ್‌ಟಾಪ್ ತೆರೆದ. ಪ್ರದರ್ಶನವನ್ನೆಲ್ಲ ಅವನೇ ಚಿತ್ರೀಕರಿಸಿದ್ದ.

"ನೋಡಿ. ಅಮ್ಮ ಕತ್ತಲಲ್ಲಿ ಎಷ್ಟು ಹೊತ್ತು ನಡೀತಾಳೆ ನೋಡಿ. ಇವನು ಇಲ್ಲಿ ಕೂತ್ಕೊಂಡು ಏನ್ ಮಾಡ್ತಿದ್ದ?"

ಪರದೆಯ ಮೇಲೆ ಬರೀ ಕಪ್ಪು. ಹೆಜ್ಜೆಯ ಸದ್ದು. ಆಮೇಲೆ ಆ ಇನ್ನೊಂದು ಸದ್ದು. ನಾನು ಮುಖ ತಿರುಗಿಸಿದೆ.

"ಇನ್ನೊಂದು ಸಲ ಹಾಕು," ಅಂದಳು ಅಕ್ಕ. "ಎಡಿಟಿಂಗ್ ಸಾಫ್ಟ್‌ವೇರ್ ಹಿಂದೆ ತೆರೆದಿದೆಯಲ್ಲ, ಅದನ್ನ ಮುಚ್ಚಬೇಡ. ಹಾಗೇ ಹಾಕು."

ಹೆತ್ತವಳು ಸತ್ತದ್ದನ್ನು ಮಗನಿಗೆ ಎರಡೆರಡು ಸಲ ತೋರಿಸುವುದೇ? ಇವಳದೇನು ಕಲ್ಲು ಮನಸ್ಸೇ ಅನ್ನಿಸಿ ನನಗೆ ರೇಗಿಹೋಯಿತು.

ಆಮೇಲೆ ಅಕ್ಕ ದೀಪಣ್ಣನ ಕಡೆ ತಿರುಗಿದಳು. "ಮೆಮೊರಿ ಯಾಕೆ ಬದಲಾಯಿಸಿದ್ರಿ?"

"ದೀಪದ ಸಾಫ್ಟ್‌ವೇರ್ ಹೊಸಾದು ಬಂತು. ಇದ್ದ ನಾಲ್ಕು ಜಿಬಿ ಸಾಲ್ತಿರಲಿಲ್ಲ."

"ಹೊಸದನ್ನ ಹೇಗೆ ಆರಿಸಿದ್ರಿ?"

"ಹಳೇದನ್ನ ಬಿಚ್ಚಿ ಕೈಯಲ್ಲಿ ಹಿಡ್ಕೊಂಡೇ ಅಂಗಡಿಗೆ ಹೋದೆ. ಯಾವ ತಲೆಮಾರಿನದು, ಎಷ್ಟು ವೇಗ, ಎಷ್ಟು ವೋಲ್ಟು — ಮೂರೂ ಕೂಡಬೇಕಲ್ಲ. ಈ ಮಿಷನ್ನು ಕಮ್ಮಿ ವೋಲ್ಟಿನದನ್ನ ಮಾತ್ರ ಒಪ್ಪುತ್ತೆ. ಅಂಥದ್ದೇ ಎಂಟು ಜಿಬಿ ತಂದೆ. ಮೆಮೊರಿ ಕೂರಿಸೋ ಜಾಗ ಇರೋದೇ ಒಂದು, ಅದಕ್ಕೆ ಹಳೇದನ್ನ ತೆಗೆದಿಟ್ಟೆ."

"ಬಿಚ್ಚಿದ ಹಳೇದು ಎಲ್ಲಿ?"

ದೀಪಣ್ಣ ಡ್ರಾಯರ್ ಎಳೆದು ತೋರಿಸಿದ. ಅಲ್ಲೇ ಇತ್ತು.

ಅಕ್ಕ ಲ್ಯಾಪ್‌ಟಾಪನ್ನು ಬೋರಲು ಹಾಕಿ, ಸ್ಕ್ರೂ ಬಿಚ್ಚಿ, ಒಳಗಿದ್ದ ಮೆಮೊರಿ ಪಟ್ಟಿಯನ್ನು ಎತ್ತಿದಳು. ಲೇಬಲ್ ಓದಿ ಮೇಜಿನ ಮೇಲಿಟ್ಟಳು.

"ಇದು ನಾಲ್ಕು ಜಿಬಿ. ಅದೂ ಜಾಸ್ತಿ ವೋಲ್ಟಿನದು, ಒಂದೂವರೆ."

ದೀಪಣ್ಣ ಹತ್ತಿರ ಬಂದು ಲೇಬಲ್ ಓದಿದ. "ಇದು... ಇದು ನಾನು ಹಾಕಿದ್ದಲ್ಲ."

"ಇನ್ನೇನು ಹೇಳ್ತಾನೆ?" ಪುಟ್ಟ ಎದ್ದು ನಿಂತ. "ಯಾವುದೋ ಹಾಳುಮೂಳು ತುರುಕಿದಾನೆ. ಈಗ ಗೊತ್ತಾಯ್ತಲ್ಲ?"

"ಕೂತ್ಕೋ," ಅಂದಳು ಅಕ್ಕ. "ಮೇಷ್ಟ್ರೇ, ತಾಲೀಮಿನಲ್ಲಿ ದೀಪ ಸರಿಯಾಗಿ ನಡೀತಾ?"

ಮೇಷ್ಟ್ರಿಗೂ ದೀಪಣ್ಣನಿಗೂ ಅಷ್ಟಕ್ಕಷ್ಟೆ. ಹೊಸ ಲ್ಯಾಪ್‌ಟಾಪ್ ಕೊಳ್ಳೋಣವೆಂದು ಮೇಷ್ಟ್ರು, ಇದೇ ಸಾಕೆಂದು ದೀಪಣ್ಣ — ತಿಂಗಳುಗಟ್ಟಲೆ ಜಗಳ.

"ನಡೀತು," ಅಂದರು ಮೇಷ್ಟ್ರು, ಒಲ್ಲದ ಮನಸ್ಸಿನಿಂದ. "ಕೊನೇ ತಾಲೀಮು ಮುಗಿದ ಮೇಲೂ ನನ್ನ ಇಲ್ಲಿಗೆ ಎಳ್ಕೊಂಡು ಬಂದು, ಪರದೆ ಮೇಲೆ ಎಂಟು ಜಿಬಿ ತೋರಿಸಿ ತಲೆ ತಿಂದ. ಹೊಸದೇ ಬೇಕು ಅಂದ್ರಲ್ಲ, ನೋಡಿ ಅಂತ."

"ಎಂಟು ಅಂತ ನೀವೇ ಕಂಡ್ರಾ?"

"ಈ ಕಣ್ಣಲ್ಲೇ ಕಂಡೆ."

"ಅದಾದ್ಮೇಲೆ ಈ ಕೋಣೆಗೆ ಯಾರು ಯಾರು ಬಂದ್ರು?"

"ಬೀಗದಕೈ ಮೊಳೆಗೇ ನೇತುಹಾಕಿರುತ್ತೆ. ಯಾರು ಬೇಕಾದ್ರೂ ಬರ್ಬಹುದು. ಮಾರನೇ ದಿನ ನಾನು ಬಂದಿದ್ದೆ. ಪುಟ್ಟ ಕ್ಯಾಮೆರಾ ವೈರ್ ಎಳೆಯೋಕೆ ಬಂದಿದ್ದ."

"ನಿಮ್ಮ ಲ್ಯಾಪ್‌ಟಾಪ್ ತೋರಿಸಿ."

ಮೇಷ್ಟ್ರ ಮುಖ ಕೆಂಪಾಯಿತು. ಆದರೂ ಚೀಲದಿಂದ ತೆಗೆದು ಕೊಟ್ಟರು. ಹೊಸದು, ತೆಳ್ಳಗೆ. ಅಕ್ಕ ತಿರುಗಿಸಿ ನೋಡಿ ಹಿಂದಕ್ಕೆ ಕೊಟ್ಟಳು. ಮತ್ತೆ ಏನೂ ಕೇಳದೆ ಎದ್ದು ಹೊರಗೆ ಹೋದಳು. ನಾನೂ ಹಿಂದೆಯೇ ಹೋದೆ.

ಮೆಟ್ಟಿಲ ಮೇಲೆ ಅಕ್ಕ ಕೈಕಟ್ಟಿ ನಿಂತಿದ್ದಳು.

"ಗೊತ್ತಾಯ್ತಾ?" ಅಂದೆ.

"ಗೊತ್ತಾಗದೇ ಇದ್ದಿದ್ರೆ ಚೆನ್ನಾಗಿತ್ತು ಕಣೋ. ಹೇಳಿದ್ರೆ ಒಬ್ಬ ಬದುಕಿರೋವರೆಗೂ ಸಾಯ್ತಾನೆ. ಹೇಳದಿದ್ರೆ ಇನ್ನೊಬ್ಬ ಮಾಡದ ತಪ್ಪಿಗೆ ಜೈಲಿಗೆ ಹೋಗ್ತಾನೆ."

ಅಕ್ಕನ ದನಿ ನಡುಗಿದ್ದನ್ನು ಕೇಳಿದ್ದು ನಾನು ಅದೇ ಮೊದಲು.

ಒಳಗೆ ಬಂದು ಅವಳು ಪುಟ್ಟನ ಪಕ್ಕದಲ್ಲೇ ಕೂತಳು.

"ಕೊನೇ ತಾಲೀಮಿನವರೆಗೂ ಎಂಟು ಜಿಬಿ ಇಲ್ಲೇ ಇತ್ತು. ಬೈಯ್ಯೋಕೆ ಕಾಯ್ತಿದ್ದ ಮೇಷ್ಟ್ರೇ ಸಾಕ್ಷಿ. ಹಳೇದು ಡ್ರಾಯರ್‌ನಲ್ಲಿದೆ. ಅಂದ್ಮೇಲೆ ಇದು ಮೂರನೇದು, ಹೊರಗಿಂದ ಬಂದದ್ದು. ಮಾರೋಕೆ ಕದ್ದವನಾದ್ರೆ ತಗೊಂಡು ಹೋಗಿರ್ತಿದ್ದ ಅಷ್ಟೆ, ಬದಲಿಗೆ ತನ್ನದನ್ನ ಯಾಕೆ ಇಡ್ತಾನೆ? ಇಟ್ಟಿದ್ದಾನೆ ಅಂದ್ರೆ, ನಾಟಕ ನಿಲ್ಲಬಾರದು ಅನ್ನೋ ಕಾಳಜಿ ಅವನಿಗಿತ್ತು."

ಅಕ್ಕ ಮೇಜಿನ ಮೇಲಿದ್ದ ಪಟ್ಟಿಯನ್ನು ಬೆರಳಿನಿಂದ ಮುಂದಕ್ಕೆ ತಳ್ಳಿದಳು.

"ಮೇಷ್ಟ್ರ ಲ್ಯಾಪ್‌ಟಾಪಲ್ಲಿ ಮೆಮೊರಿ ಬೋರ್ಡಿಗೇ ಬೆಸೆದಿದೆ, ಬಿಚ್ಚೋಕೆ ಬರಲ್ಲ. ದೀಪಣ್ಣಂಗೆ ಇದು ಬಿಟ್ರೆ ಇನ್ನೊಂದಿಲ್ಲ. ಈ ತಂಡದಲ್ಲಿ ಉಳಿದ ಲ್ಯಾಪ್‌ಟಾಪ್ ಒಂದೇ. ಇದಕ್ಕಿಂತಲೂ ಹಳೇದು, ಒಂದೂವರೆ ವೋಲ್ಟಿನದು."

ಪುಟ್ಟನ ಕಣ್ಣು ತನ್ನ ಲ್ಯಾಪ್‌ಟಾಪಿನ ಮೇಲೆ ಹೋಯಿತು.

ಆಗ ನನಗೆ ಹೊಳೆಯಿತು. ಅವನ ಲ್ಯಾಪ್‌ಟಾಪ್ ಆನ್ ಆಗುವಷ್ಟರಲ್ಲಿ ತಾನೊಂದು ನಿದ್ದೆ ಮುಗಿಸುವುದಾಗಿ ದೊಡ್ಡಮ್ಮ ಎಲ್ಲರ ಮುಂದೆ ಮಗನನ್ನು ರೇಗಿಸುತ್ತಿದ್ದರು. ಅದೇ ಲ್ಯಾಪ್‌ಟಾಪ್ ಈಗ ಎಡಿಟಿಂಗ್ ಸಾಫ್ಟ್‌ವೇರನ್ನೂ ತೆರೆದಿಟ್ಟುಕೊಂಡು, ಎರಡು ಸಲವೂ ಒಂದಿಷ್ಟೂ ತಡವರಿಸದೆ ಇಡೀ ವಿಡಿಯೋ ಓಡಿಸಿತ್ತು. ನಾವೆಲ್ಲ ವಿಡಿಯೋ ನೋಡಿದೆವು. ಅದು ಓಡಿದ ರೀತಿಯನ್ನು ನೋಡಿದವಳು ಅಕ್ಕ ಒಬ್ಬಳೇ.

"ಕಮ್ಮಿ ವೋಲ್ಟಿನದು ನಿನ್ನದಕ್ಕೆ ಹೊಂದುತ್ತೆ ಪುಟ್ಟ," ಅಕ್ಕ ಮೆಲ್ಲಗೆ ಹೇಳಿದಳು. "ನಿನ್ನದು ಇದಕ್ಕೆ ಹೊಂದಲ್ಲ. ಕೂರುತ್ತೆ, ಆನ್ ಕೂಡ ಆಗುತ್ತೆ. ಕೆಲಸ ಜಾಸ್ತಿಯಾದಾಗ, ಬಿಸಿಯೇರಿದಾಗ ಕೈಕೊಡುತ್ತೆ. ನಿನ್ನ ಕಡೆ ಎಲ್ಲ ಸರಿಯಿತ್ತಲ್ಲ, ಅದಕ್ಕೇ ನಿಂಗೆ ಅನುಮಾನವೇ ಬರಲಿಲ್ಲ."

ಪುಟ್ಟ ಸ್ಕ್ರೂ ಡ್ರೈವರ್‌ಗೆ ಕೈಚಾಚಿದ. ತನ್ನ ಲ್ಯಾಪ್‌ಟಾಪನ್ನು ತಾನೇ ಬಿಚ್ಚಿದ. ಎಂಟು ಜಿಬಿಯ ಪಟ್ಟಿಯನ್ನು ತೆಗೆದು ದೀಪಣ್ಣನ ಮುಂದಿಟ್ಟ.

"ಅಮ್ಮನ ಹಳೇ ನಾಟಕಗಳನ್ನೆಲ್ಲ ಸೇರಿಸಿ ಒಂದು ಚಿತ್ರ ಮಾಡ್ತಿದ್ದೆ," ಅಂದ. "ಅವಳಿಗೆ ತೋರಿಸೋಣ ಅಂತ. ನನ್ನದು ಪದೇಪದೇ ನಿಂತುಹೋಗ್ತಿತ್ತು. ಒಂದು ವಾರಕ್ಕೆ ಅಂತ ತಗೊಂಡೆ. ಅಳತೆ ಒಂದೇ, ಪಟ್ಟಿಯ ಕಚ್ಚೂ ಒಂದೇ ಕಡೆ ಇತ್ತು. ಹಾಕಿದೆ, ಆನ್ ಆಯ್ತು. ದೀಪಗಳನ್ನ ಒಂದು ಸಲ ಆರಿಸಿ ಹಚ್ಚಿಯೂ ನೋಡಿದೆ. ಸರಿಹೋಯ್ತು ಅಂದ್ಕೊಂಡೆ."

ಅವನು ಅಳಲಿಲ್ಲ. ಅತ್ತಿದ್ದರೆ ನಮಗಾದರೂ ಎದೆ ಹಗುರಾಗುತ್ತಿತ್ತೇನೋ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಕೂತರು. ಆ ಕತ್ತಲ ದೃಶ್ಯ ಕಟ್ಟಿದವರು ಅವರೇ.

"ದೂರು ಕೊಡಬೇಕಿತ್ತಲ್ಲ," ಅಂದ ಪುಟ್ಟ. "ಸ್ಟೇಷನ್‌ಗೆ ನಾನೇ ಹೋಗಿ ಹೇಳ್ತೀನಿ."

ಬಾಗಿಲವರೆಗೆ ಹೋದವನು ತಿರುಗಿ ಬಂದು ದೀಪಣ್ಣನ ಕಾಲ ಹತ್ತಿರ ಕುಸಿದು ಕೂತ.

"ದೀಪಣ್ಣ, ನಿನ್ನ ಮೇಲೆ ಕೈ ಮಾಡಿದೆ. ಏನಾದ್ರೂ ಅನ್ನು. ಹೊಡಿ. ಬೈಯಾದ್ರೂ ಬೈಯಿ."

ದೀಪಣ್ಣ ಬಗ್ಗಿದ. ಮೂವತ್ತು ವರ್ಷ ದೊಡ್ಡಮ್ಮನ ಮುಖಕ್ಕೆ ಬೆಳಕು ಕೊಟ್ಟ ಕೈ ಮಗನ ತಲೆಯ ಮೇಲೆ ಹೋಗಿ ಅಲ್ಲೇ ನಿಂತಿತು.

"ನಿಂಗೆ ಬೈಯ್ಯೋಕೆ ಅಂತ ಇದ್ದೋಳು ಅವಳೊಬ್ಬಳೇ ಕಣೋ," ಅಂದ.