ಎಳ್ಳಮವಾಸ್ಯೆಗೆ ಹೊಲಕ್ಕೆ ಹೋಗದವಳು

ಮಾರ್ಚ್ ಹನ್ನೆರಡರ ಬೆಳಿಗ್ಗೆ ಹತ್ತೂಕಾಲಿಗೆ ರಾಯಚೂರಿನ ಠಾಣೆಗೆ ಬಂದ ಹೆಂಗಸು ದೂರು ಕೊಡಲು ಬಂದಿರಲಿಲ್ಲ. ತನ್ನನ್ನು ಹಿಡಿಯುತ್ತೀರಾ ಎಂದು ಕೇಳಲು ಬಂದಿದ್ದಳು.

"ಬಸರು ತೆಗಿಸಿದ್ರ ಜೈಲಿಗಿ ಹಾಕ್ತೀರಂತಲ್ರಿ ಯವ್ವಾ?"

ಇನ್‌ಸ್ಪೆಕ್ಟರ್ ನಾಗವೇಣಿ ಅವಳನ್ನು ಕೂರಿಸಿ ಚಹಾ ತರಿಸಿದಳು. "ಯಾರಂದ್ರು?"

ಹೆಸರು ಪಕೀರಮ್ಮ, ದೇವದುರ್ಗ ತಾಲೂಕಿನ ಕೂಲಿ ಹೆಂಗಸು. ಎರಡನೇ ಹೆರಿಗೆಯಲ್ಲಿ ರಕ್ತ ನಿಲ್ಲದೆ ಸತ್ತು ಬದುಕಿದವಳು. ಇನ್ನೊಂದು ಹೆರಿಗೆಯಾದರೆ ಜೀವ ಉಳಿಯುವುದು ಕಷ್ಟವೆಂದು ಡಾಕ್ಟರು ಅವತ್ತೇ ಹೇಳಿದ್ದರು. ಈಗ ಮತ್ತೆ ಬಸುರಿ. ಗಂಡ ಉಮೇಶನ ಜೊತೆ ಗರ್ಭಪಾತಕ್ಕೆಂದು ರಾಯಚೂರಿಗೆ ಬಂದಾಗ ಬಸ್ ಸ್ಟ್ಯಾಂಡಿನ ಹತ್ತಿರ 'ಬಸುರಿಯರ ನೆರವು ಕೇಂದ್ರ, ಉಚಿತ ಸ್ಕ್ಯಾನಿಂಗ್' ಎಂಬ ಬೋರ್ಡು ಕಂಡು ಒಳಗೆ ಹೋಗಿದ್ದರು. ಬಿಳಿ ಕೋಟಿನ ಸೌಭಾಗ್ಯ ಎಂಬವಳು ಹೊಟ್ಟೆಯ ಮೇಲೆ ಯಂತ್ರ ಆಡಿಸಿ, ಏಳು ತಿಂಗಳಾಗಿದೆ, ಕಾನೂನಿನ ಗಡುವು ಮುಗಿದಿದೆ, ಈಗ ತೆಗೆಸಿದರೆ ಜೈಲು ಎಂದಿದ್ದಳು. ಅಂಗೈಯಲ್ಲಿ ಪ್ಲಾಸ್ಟಿಕ್ ಕೂಸೊಂದನ್ನು ಇಟ್ಟು ಕಳಿಸಿದ್ದಳು.

"ಏಳು ತಿಂಗಳು ಹೆಂಗಾಗ್ತದ್ರಿ? ಎಳ್ಳಮಾಸಿ ದಿನ ನಾ ಹೊರಗಾಗಿದ್ದೆ. ಎಲ್ಲಾರೂ ಚರಗ ಚೆಲ್ಲಾಕ ಹೊಲಕ್ಕ ಹೋದ್ರು, ನಾ ಒಬ್ಬಾಕಿ ಮನಿ ಕಾದೆ. ಇಡೀ ಓಣಿಗಿ ಗೊತ್ತದ."

ಮುಟ್ಟಾದವಳು ಹೊಲದ ಪೂಜೆಗೆ ಹೋಗುವಂತಿಲ್ಲ. ಈ ಪದ್ಧತಿಯನ್ನು ನಾಗವೇಣಿ ಚಿಕ್ಕಂದಿನಿಂದ ಬೈದುಕೊಂಡೇ ಬೆಳೆದವಳು. ಇವತ್ತು ಮೊದಲ ಸಲ ಅದು ಉಪಯೋಗಕ್ಕೆ ಬಂದಿತ್ತು. ಎಳ್ಳಮವಾಸ್ಯೆ ಕಳೆದು ಮೂರು ತಿಂಗಳೂ ತುಂಬಿರಲಿಲ್ಲ.

"ಮೊದ್ಲು ಆಸ್ಪತ್ರಿ, ಆಮ್ಯಾಲ ಎಫ್‌ಐಆರ್," ಎಂದಳು.

ಸರ್ಕಾರಿ ಆಸ್ಪತ್ರೆಯ ಡಾಕ್ಟರು ಹನ್ನೊಂದು ವಾರ ಎಂದರು. ಕಾನೂನಿಗೆ ಅವಳೊಬ್ಬಳ ಒಪ್ಪಿಗೆ ಸಾಕು. ಪಕೀರಮ್ಮ ಅಲ್ಲೇ ದಾಖಲಾದಳು. ಸಂಜೆ ಅವಳ ಹೇಳಿಕೆಯ ಮೇಲೆ ವಂಚನೆ ಪ್ರಕರಣ ದಾಖಲಾಯಿತು.

ಮರುದಿನ ಹೆಡ್ ಕಾನ್‌ಸ್ಟೆಬಲ್ ರಂಜಾನಬಿ ಸಾದಾ ಸೀರೆಯುಟ್ಟು ಬಸುರಿಯೆಂದು ಹೇಳಿಕೊಂಡು ಆ ಕೇಂದ್ರಕ್ಕೆ ಹೋದಳು. ಅರ್ಧ ಗಂಟೆಯಲ್ಲಿ ನಗು ತಡೆಯಲಾಗದೆ ಹೊರಗೆ ಬಂದಳು.

"ಮೇಡಂ, ನನಗೂ ಏಳು ತಿಂಗಳಂತ್ರಿ. ಕೂಸು ಕೈ ಬೀಸಾಕತ್ತಿತ್ತು!"

ಗರ್ಭಕೋಶವನ್ನು ತೆಗೆಸಿಕೊಂಡು ಮೂರು ವರ್ಷ ಕಳೆದಿದ್ದವಳು ರಂಜಾನಬಿ. ಪರದೆಯ ಮೇಲೆ ಎಲ್ಲರಿಗೂ ಕಾಣುತ್ತಿದ್ದದ್ದು ಒಂದೇ ರೆಕಾರ್ಡಿಂಗ್.

ಜಿಲ್ಲಾ ಆರೋಗ್ಯಾಧಿಕಾರಿಯನ್ನು ಕರೆದುಕೊಂಡು ಹೋಗಿ ಪಂಚನಾಮೆ ಮಾಡಿದರು. ಬಿಳಿ ಕೋಟು, ಒಳಗೇನೂ ಇಲ್ಲದ ನಕಲಿ ಸ್ಕ್ಯಾನಿಂಗ್ ಯಂತ್ರ, ಪೆಟ್ಟಿಗೆ ತುಂಬ ಪ್ಲಾಸ್ಟಿಕ್ ಕೂಸುಗಳು ಸಿಕ್ಕವು. ಪ್ರತಿ ಕೂಸಿನ ಬೆನ್ನ ಮೇಲೂ ಹೊರದೇಶದ ಧಾರ್ಮಿಕ ಸಂಘಟನೆಯೊಂದರ ಮುದ್ರೆಯಿತ್ತು. ಸೌಭಾಗ್ಯ ಏನನ್ನೂ ಮುಚ್ಚಿಡಲಿಲ್ಲ.

"ವಾರಕ್ಕೊಮ್ಮೆ ಕಂಪ್ಯೂಟರಿನಾಗ ಅವ್ರೇ ಪಾಠ ಹೇಳ್ತಾರ್ರಿ. ತಮ್ಮ ದೇಶದಾಗ ಓಟಿನ ಮ್ಯಾಲ ಓಟು ಗೆದ್ದು ಬಸರು ತೆಗಿಸಂಗಿಲ್ಲ ಅಂತ ಕಾನೂನು ಬದಲು ಮಾಡ್ಯಾರ. ಇಲ್ಲೂ ಮಾಡೋಣು ಅಂದ್ರು. ಇಲ್ಲಿಂದ ಕೂಸು ಉಳಿಸ್ಕೊಂಡು ಹೋದ ಹೆಂಗಸರ ವಿಡಿಯೋ ಮಾಡಿ ದಿಲ್ಲಿಯ ಎಂಪಿಗಳಿಗಿ ತೋರಿಸೋದಿತ್ತು."

"ಗರ್ಭಪಾತ ಬ್ಯಾಡ ಅಂತ ಹೇಳು, ಯಾರೂ ತಡಿಯಂಗಿಲ್ಲ," ಎಂದಳು ನಾಗವೇಣಿ. "ಡಾಕ್ಟರ್ ವೇಷ ಹಾಕಿ ಸುಳ್ಳು ಯಾಕ ಹೇಳ್ದಿ?"

ಸೌಭಾಗ್ಯ ತನ್ನ ಕತೆ ಹೇಳಿದಳು. ಮಾನ್ವಿ ಕಡೆಯ ಕಲ್ಲೂರಿಗೆ ಸೊಸೆಯಾಗಿ ಹೋದವಳು. ಹೊಟ್ಟೆಯಲ್ಲಿರುವುದು ಹೆಣ್ಣೆಂದು ಕದ್ದು ಸ್ಕ್ಯಾನ್ ಮಾಡಿಸಿ ತಿಳಿದ ಅತ್ತೆ, ಅವಳು ಬೇಡವೆಂದು ಕೂಗಿದರೂ ಬಿಡದೆ ತೆಗೆಸಿ ಹಾಕಿದ್ದಳು.

"ನಿನಗ ಏನು ಬೇಕು ಅಂತ ಒಬ್ರೂ ಕೇಳಲಿಲ್ರಿ. ಈ ಹೊರದೇಶದವ್ರೇ ಮೊದ್ಲು ಕೇಳಿದ್ರು."

ನಾಗವೇಣಿ ಅವಳತ್ತ ನೀರಿನ ಲೋಟ ಸರಿಸಿದಳು. ಆದರೂ ಕೇಳಿದಳು: "ಪಕೀರಮ್ಮನ್ನ ನೀ ಕೇಳಿದ್ಯೇನವ್ವಾ?"

ನಾಲ್ಕು ಗಂಟೆಗೆ ಸೌಭಾಗ್ಯಳ ಬಂಧನವಾಯಿತು. ಅತ್ತೆಯ ಮೇಲೂ ದೂರು ಕೊಡುವುದಾದರೆ ಬರೆದುಕೊಳ್ಳುತ್ತೇನೆಂದು ನಾಗವೇಣಿ ಹೇಳಿದ್ದಕ್ಕೆ, ಯೋಚಿಸಿ ಹೇಳುವೆನೆಂದಳು.

ಮರುದಿನ ಬೆಳಿಗ್ಗೆ ಸೌಭಾಗ್ಯಳನ್ನು ಕೋರ್ಟಿಗೆ ಕರೆದೊಯ್ಯುವ ಮೊದಲು ಗರ್ಭಪಾತ ಮುಗಿದು ಆಸ್ಪತ್ರೆಯಿಂದ ಬಿಡುಗಡೆಯಾದ ಪಕೀರಮ್ಮ ಇನ್ನೊಂದು ಹೇಳಿಕೆಗೆ ಸಹಿ ಹಾಕಲು ಬಂದಳು. ಮುಖ ಹಗುರಾಗಿತ್ತು, ಜೀವದ ಭಯ ಕಳೆದಿತ್ತು. ಉಮೇಶ ಊರಿನಿಂದ ತಂದಿದ್ದ ಬುತ್ತಿ ಬಿಚ್ಚಿ ರಂಜಾನಬಿಗೆ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟಳು. ಆಮೇಲೆ ಮೂಲೆಯ ಬೆಂಚಿನಲ್ಲಿದ್ದ ಸೌಭಾಗ್ಯಳ ಮುಂದೆ ನಿಂತಳು.

"ಉಣ್ತೀಯೇನವ್ವಾ? ಬ್ಯಾಡಂದ್ರ ಬಿಡು, ಒತ್ತಾಯ ಇಲ್ಲ."

ಸೌಭಾಗ್ಯ ರೊಟ್ಟಿಗೆ ಕೈ ಚಾಚಿದಳು.