ಏರಿನಲ್ಲಿ ಕೇಳಿದ ಪ್ರಶ್ನೆ

ಮದುವೆ ಆಗ್ತೀಯಾ ಎಂದು ಕೇಳುವುದಕ್ಕೆ ಈ ಭೂಮಿಯ ಮೇಲೆ ಬೇಕಾದಷ್ಟು ಜಾಗಗಳಿವೆ. ಪಾರ್ಕಿನ ಬೆಂಚಿದೆ, ಕಾಫಿ ಅಂಗಡಿಯ ಮೂಲೆಯ ಟೇಬಲ್ಲಿದೆ, ಏನೂ ಇಲ್ಲದಿದ್ದರೆ ಬಸ್ ಸ್ಟಾಪ್ ಆದರೂ ಇದೆ. ಈ ಪುಣ್ಯಾತ್ಮ ಕೇಳಿದ್ದು ವಾಟರ್ ಟ್ಯಾಂಕಿನ ಏರಿನಲ್ಲಿ. ಅದೂ ಅರ್ಧ ಹತ್ತಿದ ಮೇಲೆ. ಅದೂ ಓಡುತ್ತಾ.

ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಉಸಿರು ಇರಲಿಲ್ಲ. ಗಂಟಲು ಒಣಗಿ ಹೋಗಿತ್ತು, ಎದೆ ತಿದಿಯ ಹಾಗೆ ಏರಿಳಿಯುತ್ತಿತ್ತು. 'ತಡಿ ಮಾರಾಯ, ಒಂದು ನಿಮಿಷ ತಡಿ' ಎಂದು ಬಾಯಲ್ಲಿ ಹೇಳಲಾಗದೆ ಕೈ ಎತ್ತಿದೆ.

ಅವನು ನನ್ನ ಕೈಯನ್ನು ನೋಡಿದ. ತಲೆಯಾಡಿಸಿದ. ಮುಂದೆ ಓಡಿದ. ನಾನು ತುದಿ ಮುಟ್ಟಿ, ಮಂಡಿಗೆ ಕೈ ಕೊಟ್ಟು ಬಗ್ಗಿ ನಿಂತಾಗ ಅವನು ಬಿಗಿಯಾಗಿಯೇ ಇದ್ದ ಶೂ ಲೇಸನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದ.

"ಪೂಲಲ್ಲಿ ಬೇಗ ಕ್ಲಾಸಿದೆ. ಹೋಗ್ತೀನಿ" ಎಂದು ನೆಲಕ್ಕೆ ಹೇಳಿ ಇಳಿದು ಹೋದ.

ಹೋದನಲ್ಲ! ಕೇಳಿದವನು ಉತ್ತರಕ್ಕೆ ಕಾಯಬೇಕೋ ಬೇಡವೋ? ನಾನು ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಜನರ ಕಣ್ಣು ಪರೀಕ್ಷೆ ಮಾಡುವವಳು. 'ಈ ಗಾಜಲ್ಲಿ ಚೆನ್ನಾಗಿ ಕಾಣುತ್ತಾ, ಆ ಗಾಜಲ್ಲಾ' ಎಂದು ಕೇಳಿ, ವಯಸ್ಸಾದವರು ಯೋಚಿಸಿ ಯೋಚಿಸಿ ಬಾಯಿ ಬಿಡುವವರೆಗೂ ಕಾಯುತ್ತೇನೆ. ಒಂದು ಜೊತೆ ಗಾಜಿಗಿರುವ ಮರ್ಯಾದೆ ನನಗಿಲ್ಲವೇ?

ಮರುದಿನ ಬೆಳಿಗ್ಗೆ ಹೇಳಿಬಿಡೋಣ ಎಂದುಕೊಂಡಿದ್ದೆ. ಅಷ್ಟರಲ್ಲಿ ಸಂಜೆಗೇ ಫೋನಿಗೆ ಅವನ ಮೆಸೇಜ್ ಬಂತು. ಅವನು ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವವನು. ನಮ್ಮ ಕ್ಲಬ್ಬಿನ ಟ್ರಯಥ್ಲಾನ್ ಗುಂಪಿಗೆ, ಅಂದರೆ ಈಜಿ, ಸೈಕಲ್ ತುಳಿದು, ಸಾಲದು ಅಂತ ಆಮೇಲೆ ಓಡುವ ನಮ್ಮಂಥ ಹುಚ್ಚರಿಗೆ, ಓಟ ಕಲಿಸು ಎಂದು ಕ್ಲಬ್ಬಿನವರು ಅವನ ಬೆನ್ನು ಬಿದ್ದು ಬಹಳ ದಿನವಾಗಿತ್ತು. ಆಗಲ್ಲ ಅನ್ನುತ್ತಿದ್ದವನು ಅವತ್ತು ಒಪ್ಪಿಕೊಂಡಿದ್ದ.

'ಇನ್ನು ಮೇಲೆ ದಿನಾ ಒಂದೇ ದಾರಿ, ಒಂದೇ ವೇಗ ಬೇಡ. ಸೋಮವಾರ ವಿಶ್ರಾಂತಿ. ಮಂಗಳವಾರ ಟ್ರ್ಯಾಕಿನಲ್ಲಿ ಇಂಟರ್ವಲ್, ಅಂದರೆ ಒಂದು ಸುತ್ತು ಜೋರು, ಒಂದು ಸುತ್ತು ನಿಧಾನ. ಬುಧವಾರ ನಿಧಾನ ಓಟ. ಗುರುವಾರ ಏರು. ಶುಕ್ರವಾರ ಮತ್ತೆ ನಿಧಾನ. ಶನಿವಾರ ಸೈಕಲ್ ಇಳಿದ ಕೂಡಲೇ ಓಟ. ಭಾನುವಾರ ಲಾಂಗ್ ರನ್, ಗಂಟೆಗಟ್ಟಲೆ. ನಿಧಾನ ಓಟದ ದಿನ ನೀವು ವಕೀಲರ ಜೊತೆ ಓಡಬೇಕು.'

ನೀವು! ಬೆಳಿಗ್ಗೆ 'ಬಾರೇ, ಬೇಗ' ಎಂದು ಕರೆದವನಿಗೆ ಸಂಜೆಯಾಗುವಷ್ಟರಲ್ಲಿ ನಾನು 'ನೀವು' ಆಗಿದ್ದೆ.

ವರ್ಷದಿಂದ ನಾವಿಬ್ಬರೇ ದಿನಾ ಓಡುತ್ತಿದ್ದ ದಾರಿ ಒಂದಿತ್ತು. ಕ್ಲಬ್ಬಿನ ಗೇಟು, ಬಸ್ ಡಿಪೋ, ಕಾಲುವೆಯ ದಂಡೆ, ಟ್ಯಾಂಕಿನ ಏರು. ಅದನ್ನು ಕುಂಬಳಕಾಯಿಯ ಹಾಗೆ ಹೋಳು ಮಾಡಿ ವಾರಕ್ಕೆಲ್ಲ ಹಂಚಿ, ಒಂದು ಹೋಳಿನಲ್ಲೂ ತಾನು ನನ್ನ ಪಕ್ಕದಲ್ಲಿ ಇರದಂತೆ ನೋಡಿಕೊಂಡಿದ್ದ.

"ಫೋನ್ ಮಾಡಿ ಹೌದು ಅನ್ನು, ಮುಗೀತು" ಎಂದಳು ಅಕ್ಕ. ಅವಳು ಆಸ್ಪತ್ರೆಯಲ್ಲಿ ನರ್ಸು. ಎಂಥ ಗಾಯವಾದರೂ ಮೊದಲು ಪಟ್ಟಿ ಕಟ್ಟು, ಆಮೇಲೆ ಅಳು ಅನ್ನುವವಳು.

"ಮತ್ತೆ ಅಲ್ಲೇ ಯಾಕೆ ಹೇಳಲಿಲ್ಲ ಅಂತ ಕೇಳ್ತಾನೆ."

"ಉಸಿರಿರಲಿಲ್ಲ ಅನ್ನು."

"ಅದನ್ನೇ ಹೇಳಕ್ಕಾಗಲ್ಲ ಕಣೇ!"

ಹೇಗೆ ಹೇಳಲಿ? ಅವನು ಆರಾಮಾಗಿ ಹರಟುತ್ತಾ ಓಡುವ ವೇಗವೇ ನನಗೆ ಪ್ರಾಣ ಹೋಗುವ ವೇಗ. ಅವನ ಪಕ್ಕ ಬಿಡಬಾರದು ಎಂಬ ಒಂದೇ ಹಟಕ್ಕೆ ವರ್ಷಪೂರ್ತಿ ಹಲ್ಲು ಕಚ್ಚಿ ಓಡಿದ್ದೆ. ಅವನು ದಾರಿಯುದ್ದಕ್ಕೂ ಮಾತಾಡುತ್ತಿದ್ದ. ಪೂಲಿಗೆ ಬರುವ ಮಕ್ಕಳ ಕಥೆ, ತಾನು ನೋಡಿದ ಸಿನಿಮಾ, ತನ್ನ ಚಿಕ್ಕಮ್ಮನ ಮೊಣಕಾಲು ನೋವು. ನಾನು ಹೂಂ ಅನ್ನುತ್ತಿದ್ದೆ. ಅದಕ್ಕಿಂತ ಉದ್ದದ ಮಾತಿಗೆ ನನ್ನ ಬಳಿ ಗಾಳಿ ಇರುತ್ತಿರಲಿಲ್ಲ. ಒಂದು ದಿನ ಕ್ಲಬ್ಬಿನಲ್ಲಿ ಎಲ್ಲರ ಮುಂದೆ, "ಇವಳಷ್ಟು ಶಾಂತ ಹುಡುಗಿಯನ್ನ ನಾನು ನೋಡೇ ಇಲ್ಲ" ಎಂದುಬಿಟ್ಟಿದ್ದ.

ಇದನ್ನು ಕೇಳಿದ್ದೇ ಅಕ್ಕನ ಬಾಯಲ್ಲಿದ್ದ ನೀರು ಮೂಗಿಗೆ ಹತ್ತಿತು. "ಶಾಂತ? ನೀನಾ? ನಿನ್ನ ಬಾಯಿಗೆ ಹೆದರಿ ಪಕ್ಕದ ಮನೆ ನಾಯಿನೇ ದಾರಿ ಬದಲಾಯಿಸಿದೆ!"

ನನಗೆ ನಗು ಬರಲಿಲ್ಲ. ಅವನು ಮದುವೆಗೆ ಕೇಳಿದ್ದು ಆ ಶಾಂತ ಹುಡುಗಿಯನ್ನು. ಅವಳು ನಾನಲ್ಲ. ನಿಜ ಗೊತ್ತಾದ ದಿನ ಅವನ ಮುಖ ಹೇಗಾಗಬಹುದು ಎಂದು ನೆನೆದು, ಎತ್ತಿದ ಫೋನನ್ನು ಮತ್ತೆ ಕೆಳಗಿಡುತ್ತಿದ್ದೆ. ಹೆದರಿಕೆ ಎಂದು ಒಪ್ಪಿಕೊಳ್ಳುವುದಕ್ಕಿಂತ ಸಿಟ್ಟು ಸುಲಭ. ಸಿಟ್ಟನ್ನೇ ಹಿಡಿದುಕೊಂಡೆ.

ಮೊದಲ ಬುಧವಾರ ಅವನು ಗುಂಪನ್ನು ಗೇಟಿನ ಬಳಿ ನಿಲ್ಲಿಸಿ ಪಾಠ ಮಾಡಿದ. "ನಿಧಾನ ಓಟ ಅಂದ್ರೆ ಓಡ್ತಾ ಓಡ್ತಾ ಪೂರ್ತಿ ಮಾತಾಡೋಕಾಗಬೇಕು. ಬರೀ ಹೂಂ, ಹಾಂ ಬಂತು ಅಂದ್ರೆ ಅದು ನಿಧಾನ ಅಲ್ಲ, ಜೋರು. ದಿನಾ ಅರೆಬರೆ ಜೋರು ಓಡಿದೋರಿಗೆ ಬೇಕಾದ ದಿನ ನಿಜವಾದ ಜೋರು ಬರಲ್ಲ."

ಕೇಳಿದಿರಾ? ಈ ಮಾತನ್ನು ಹೇಳುವವನಿಗೆ, ವರ್ಷಪೂರ್ತಿ ಪಕ್ಕದಲ್ಲಿ ಹೂಂ ಅನ್ನುತ್ತಿದ್ದವಳ ಮೇಲೆ ಒಂದೇ ಒಂದು ದಿನ ಅನುಮಾನ ಬಂದಿರಲಿಲ್ಲ! ದೀಪದ ಬುಡದಲ್ಲಿ ಕತ್ತಲೆ ಅಂದರೆ ಇದೇ. ಅವನು ಮಾತಾಡುತ್ತಾ ಒಬ್ಬೊಬ್ಬರ ಮುಖವನ್ನೂ ನೋಡಿದ. ನನ್ನ ಸರದಿ ಬಂದಾಗ ಕಣ್ಣು ಜಾರಿ ಪಕ್ಕದ ಲೈಟ್ ಕಂಬದ ಮೇಲೆ ಕೂತಿತು. ಆ ಕಂಬವನ್ನು ಅವನು ಬಹಳ ಪ್ರೀತಿಯಿಂದ ನೋಡಿದ.

ನಮ್ಮ ಗುಂಪಿನ ಈ ವಕೀಲರು ನಿವೃತ್ತರು. ತುಂಬಿದ ಕೊಡ ಹೊತ್ತವರ ಹಾಗೆ ತುಳುಕದೆ ಓಡುವವರು. ಕಾಲುವೆಯ ದಂಡೆಯಲ್ಲಿ ವಾಕಿಂಗ್ ಹೋಗುವ ಹೆಂಗಸರು ನಮ್ಮನ್ನು ಹಿಂದೆ ಹಾಕಿ, ತಿರುಗಿ ನೋಡಿ ಮುಸಿಮುಸಿ ನಕ್ಕರು. ನನಗೆ ನಾಚಿಕೆಯಿಂದ ಭೂಮಿಗಿಳಿದು ಹೋದಂತಾಯಿತು.

"ಏನಮ್ಮ, ಮುಖ ಇಷ್ಟು ಊದಿದೆ? ಆರೋಪಿ ಯಾರು?" ಎಂದರು ವಕೀಲರು.

ಆಗ ಬಾಯಿ ಬಿಟ್ಟೆ ನೋಡಿ. ಅಲ್ಲಿಂದ ಕಾಲುವೆಯ ಸೇತುವೆಯವರೆಗೆ ನಾನೊಬ್ಬಳೇ ಮಾತಾಡಿದೆ. ಓಡುತ್ತಾ ಮಾತಾಡಬಹುದು ಎಂಬುದೇ ನನಗೆ ಅವತ್ತು ಗೊತ್ತಾಗಿದ್ದು. ಏರಿನ ಕಥೆ, ಕೈಯ ಕಥೆ, ಲೇಸಿನ ಕಥೆ, ಎಲ್ಲ ಹೊರಗೆ ಬಂತು. ವಕೀಲರು ಸಾವಧಾನವಾಗಿ ಕೇಳಿದರು.

"ಕೈ ಎತ್ತಿಬಿಟ್ಟರೆ ಕೈ ಬಿಟ್ಟ ಹಾಗೆ ಅಂತಲೇ ಜನ ತಿಳ್ಕೊಳ್ಳೋದು ಕಣಮ್ಮ."

"ಅಂದ್ರೆ ತಪ್ಪು ನಂದಾ?"

"ನಾನು ಹಾಗಂದ್ನಾ? ಮುಂದುವರಿಸು, ಮುಂದುವರಿಸು" ಎಂದರು ಅವರು.

ವಾರಗಳು ಕಳೆದವು. ಆ ದರಿದ್ರ ಪ್ಲ್ಯಾನ್ ಕೆಲಸ ಮಾಡತೊಡಗಿತು. ಅದೇ ನನ್ನ ಸಿಟ್ಟಿಗೆ ತುಪ್ಪ ಸುರಿಯಿತು. ನಿಧಾನದ ದಿನ ನಿಧಾನವಾಗಿ ಓಡಿದ ಕಾಲು ಗುರುವಾರ ಏರನ್ನು ಕಂಡರೆ ಹೆದರುವುದನ್ನು ಬಿಟ್ಟಿತು. ಸೈಕಲ್ ಇಳಿದಾಗ ಮರದ ಕೊರಡಿನಂತಿರುತ್ತಿದ್ದ ತೊಡೆಗಳು ಈಗ ಡಿಪೋ ದಾಟುವಷ್ಟರಲ್ಲಿ ನನ್ನವೇ ಅನ್ನಿಸುತ್ತಿದ್ದವು. ಸೋಮವಾರ ಬೆಳಿಗ್ಗೆ ಹಾಸಿಗೆಯಲ್ಲಿ ಹೊರಳಾಡುವಾಗ ಅವನನ್ನು ಬೈಯುವುದಕ್ಕೂ ಮನಸ್ಸಾಗುತ್ತಿರಲಿಲ್ಲ. ಎದ್ದ ಮೇಲೆ ಆ ಕೊರತೆಯನ್ನು ತುಂಬಿಕೊಳ್ಳುತ್ತಿದ್ದೆ.

ಒಂದು ಗುರುವಾರ ಏರಿನ ತುದಿಯಲ್ಲಿ ಅವನು, "ಭುಜ ಬಿಗಿ ಹಿಡೀತಿದೀರಿ. ಸಡಿಲ ಬಿಡಿ" ಎಂದು ಕೈ ಚಾಚಿದ. ಬೆರಳು ನನ್ನ ಭುಜದ ಹತ್ತಿರ ಬಂದು, ಬಿಸಿ ಪಾತ್ರೆ ಕಂಡಂತೆ ಹಿಂದೆ ಹೋಯಿತು. ಆ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಸೀಟಿಯನ್ನು ಹಿಡಿದುಕೊಂಡ. ನಾನು ಅವತ್ತೆಲ್ಲ ಅಂಗಡಿಯಲ್ಲಿ ಎಡಗಣ್ಣಿನ ಗಾಜನ್ನು ಬಲಗಣ್ಣಿಗೆ ಹಾಕುತ್ತಿದ್ದೆ. ಮುಟ್ಟದೇ ಇದ್ದ ಭುಜ ಸಂಜೆಯವರೆಗೂ ಬಿಸಿಯಾಗಿತ್ತು.

ಮರುದಿನ ವಕೀಲರು ಸುದ್ದಿ ತಂದರು. "ನಿನ್ನ ಆರೋಪಿ ಬರೋ ತಿಂಗಳಿಂದ ನಮಗೆ ಓಟ ಕಲಿಸಲ್ವಂತೆ. ಬೇರೆ ಕೋಚ್ ಬರ್ತಾರೆ. ತಾನು ಬೆಳಗಿನ ಹೊತ್ತು ಪೂಲಲ್ಲೇ ಇದ್ದುಬಿಡ್ತೀನಿ ಅಂತ ಕ್ಲಬ್ಬಿಗೆ ಹೇಳಿದಾನೆ."

ನನ್ನ ಕಾಲು ನಿಂತಿತು.

"ಯಾಕಂತೆ?"

"ಕೇಳಿದೆ. ಬಾಯಿ ಬಿಡಲ್ಲ. ಅವನು ಯಾವತ್ತು ಬಾಯಿ ಬಿಟ್ಟಿದಾನೆ ಹೇಳು? ಪೂಲಲ್ಲಿ ಸೀಟಿ ಸದ್ದು ಬಿಟ್ರೆ ಅವನಿಂದ ಬೇರೆ ಸದ್ದಿಲ್ಲ."

"ಅವನಾ? ಬಾಯಿ ಮುಚ್ಚಲ್ವಲ್ಲ ಅವನು!"

ವಕೀಲರು ನನ್ನನ್ನು ವಿಚಿತ್ರವಾಗಿ ನೋಡಿದರು. ನಾನು ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ಮೊದಲು ಉತ್ತರ ಕೇಳದೆ ಓಡಿದ. ಆಮೇಲೆ ವಾರದ ದಿನಗಳ ಹಿಂದೆ ಅಡಗಿಕೊಂಡ. ಈಗ ನೀರಿಗೇ ಇಳಿಯುತ್ತಾನಂತೆ! ಸಾಕು. ಅವನಿಗೆ ನಾನು ಬೇಡವಾದರೆ ಬೇಡ, ಆದರೆ ನಿಜವಾದ ನನ್ನನ್ನು ನೋಡಿ ಬೇಡ ಅನ್ನಲಿ.

ಮಂಗಳವಾರ ಟ್ರ್ಯಾಕು. ಒಂದು ಸುತ್ತು ಮೈಮುರಿಯುವಷ್ಟು ಜೋರು, ಆಮೇಲೆ ಉಸಿರು ವಾಪಸ್ ಬರುವಂತೆ ಒಂದು ನಿಧಾನದ ಸುತ್ತು, ಮತ್ತೆ ಜೋರು. ಅವನು ಗೆರೆಯ ಬಳಿ ಸ್ಟಾಪ್‌ವಾಚ್ ಹಿಡಿದು ನಿಂತಿದ್ದ. ನಾನು ಜೋರಿನ ಸುತ್ತು ಮುಗಿಸಿ ಬಂದೆ.

"ಶುರುವಲ್ಲೇ ಎಲ್ಲಾ ಖರ್ಚು ಮಾಡ್ತಿದೀರಿ. ಸ್ವಲ್ಪ ಉಳಿಸಿಕೊಳ್ಳಿ" ಎಂದ, ವಾಚನ್ನು ನೋಡುತ್ತಾ.

"ಬಾ. ನನ್ನ ಜೊತೆ ಓಡು."

"ನಾನು ಇಲ್ಲಿ ಟೈಮ್..."

"ಟೈಮ್ ವಕೀಲರ ಕೈಗೆ ಕೊಡು. ಇದು ನಿಧಾನದ ಸುತ್ತು. ಇದರಲ್ಲಿ ನನಗೆ ಪೂರ್ತಿ ಮಾತು ಬರುತ್ತೆ."

ನನ್ನ ಮುಖದಲ್ಲಿ ಏನು ಕಂಡನೋ, ಬಂದ. ಪಕ್ಕದಲ್ಲಿ ಕಾಲು ಹಾಕಿದ. ಎಷ್ಟು ದಿನವಾಗಿತ್ತು ಆ ಹೆಜ್ಜೆಯ ಸದ್ದು ಕೇಳಿ! ಕಣ್ಣು ತುಂಬುವುದರೊಳಗೆ ಬೈಯಲು ಶುರುಮಾಡಿದೆ.

"ಅವತ್ತು ನಾನು ಕೈ ಎತ್ತಿದ್ದು ತಡಿ ಅಂತ. ಬೇಡ ಅಂತ ಅಲ್ಲ. ನೀನು ಬೆಳಗಿನ ಗಾಳಿ ಕುಡೀತಾ ಓಡೋ ವೇಗ ಇದೆಯಲ್ಲ, ಅದು ನನ್ನ ಜೀವ ಹಿಂಡೋ ವೇಗ. ವರ್ಷಪೂರ್ತಿ ಸತ್ತು ಸತ್ತು ಓಡಿದೀನಿ ನಿನ್ನ ಪಕ್ಕ. ಹೂಂ ಅಂದಿದ್ದು ಶಾಂತ ಸ್ವಭಾವಕ್ಕಲ್ಲ, ಉಸಿರಿಲ್ಲದೆ. ಊರಿಗೆಲ್ಲ ಪಾಠ ಮಾಡ್ತೀಯಲ್ಲ, ಅಷ್ಟೂ ಗೊತ್ತಾಗಲಿಲ್ವಾ ನಿಂಗೆ? ಎಂಥ ಕೋಚು ನೀನು? ಕೇಳೋದು ಕೇಳಿ, ಮನುಷ್ಯರು ಉಸಿರು ತಗೊಳ್ಳೋವರೆಗೂ ನಿಲ್ಲಲಿಲ್ಲ. ಸಂಜೆಗೆ ನೀವು ಅಂತೆ, ತಾವು ಅಂತೆ!"

"ತಾವು ಅಂದಿಲ್ಲ..."

"ಬಾಯಿ ಮುಚ್ಚು! ನಾನು ಮಾತಾಡ್ತಿದೀನಿ. ನನ್ನ ಉತ್ತರ ಹೌದು ಅಂತ. ಅವತ್ತೂ ಹೌದು. ಆದರೆ ನೀನು ಕೇಳಿದ್ದು ಆ ಬಾಯಿಲ್ಲದ ಹುಡುಗೀನ. ಅವಳು ಇಲ್ಲ. ಇರೋಳು ನಾನು. ಹೀಗೆ ಕಿರುಚೋಳು. ಸರಿಯಾಗಿ ನೋಡ್ಕೊ. ಬೇಡ ಅನ್ನಿಸಿದ್ರೆ ಕೇಳಿದ್ದನ್ನ ಇಲ್ಲೇ ವಾಪಸ್ ತಗೊಂಡು ಹೋಗು."

ತಿರುವು ದಾಟಿದೆವು. ಓರೆಗಣ್ಣಿನಲ್ಲಿ ನೋಡಿದೆ. ಅವನ ಕಿವಿ ಕೆಂಪಾಗಿತ್ತು, ತುಟಿಯ ಮೂಲೆ ನಡುಗುತ್ತಿತ್ತು. ಅಳುವೋ ನಗುವೋ ಗೊತ್ತಾಗಲಿಲ್ಲ.

"ನಾನು ಮಾತಾಡೋನೇ ಅಲ್ಲ" ಎಂದ ಕೊನೆಗೆ.

"ಏನು?"

"ನಂಗೆ ಮಾತು ಬರಲ್ಲ. ಮನೇಲಿ ಕೇಳು, ಪೂಲಲ್ಲಿ ಕೇಳು. ನೀನು ಸುಮ್ಮನೆ ಓಡ್ತಿದ್ದೆ. ಬೇಜಾರಾಗಿ ನಾಳೆಯಿಂದ ಬರದೇ ಹೋದ್ರೆ ಅಂತ ಭಯ. ಏನು ಮಾತಾಡೋದು ಅಂತ ದಿನಾ ಹಿಂದಿನ ದಿನವೇ ಯೋಚಿಸಿ ಇಟ್ಕೊಳ್ತಿದ್ದೆ. ಒಂದೊಂದು ದಿನ ಏನೂ ಸಿಗದೆ... ಆ ಚಿಕ್ಕಮ್ಮನ ಮೊಣಕಾಲು ಇದೆಯಲ್ಲ..."

"ಅದಕ್ಕೇನಾಯ್ತು?"

"ನಂಗೆ ಚಿಕ್ಕಮ್ಮನೇ ಇಲ್ಲ."

ನಾನು ನಿಂತೇಬಿಟ್ಟೆ. ಇಲ್ಲದ ಹೆಂಗಸಿನ ಮೊಣಕಾಲಿಗೆ ನಾನು ಎಷ್ಟು ಬೆಳಗು ಮರುಗಿದ್ದೆ! ಅಂಗಡಿಗೆ ಬರುವ ಡಾಕ್ಟರನ್ನು ಕೇಳಿ ವ್ಯಾಯಾಮ ಕೂಡ ತಿಳಿದುಕೊಂಡಿದ್ದೆ.

"ಥೂ ನಿನ್ನ! ಸುಳ್ಳ!"

"ಅವತ್ತು ಏರಲ್ಲಿ ಕೇಳಿದ್ದೂ ಅದಕ್ಕೇ. ಕೂತು ಎದುರುಬದುರು ಮುಖ ನೋಡಿದ್ರೆ ನನ್ನ ಬಾಯಿಂದ ಆ ಮಾತು ಬರ್ತಾನೇ ಇರಲಿಲ್ಲ. ನೀನು ಕೈ ಎತ್ತಿದೆ. ಮುಗೀತು ಅಂದ್ಕೊಂಡೆ. ನಿನ್ನ ಪಕ್ಕದಲ್ಲಿ ಓಡ್ತಾ ಏನೂ ಆಗಿಲ್ಲ ಅನ್ನೋ ಹಾಗೆ ಮಾತಾಡೋ ಶಕ್ತಿ ಇರಲಿಲ್ಲ ನಂಗೆ. ಅದಕ್ಕೇ ದೂರ ಹೋದೆ." ಅವನು ಈಗ ಕಂಬವನ್ನಲ್ಲ, ನನ್ನನ್ನೇ ನೋಡುತ್ತಿದ್ದ. "ವಾಪಸ್ ತಗೊಳ್ಳಲ್ಲ. ನೀನು ಹೀಗೆ ಮಾತಾಡ್ತೀಯ ಅಂತ ಗೊತ್ತಿದ್ದಿದ್ರೆ ಇನ್ನೂ ಮೊದಲೇ ಕೇಳ್ತಿದ್ದೆ."

"ಕಿರುಚಿದ್ರೂನಾ?"

"ಕಿರುಚಿದ್ರೂ. ನಂಗೆ ಎಷ್ಟು ಆರಾಮಾಗ್ತಿದೆ ಗೊತ್ತಾ?"

ಗೆರೆಯ ಬಳಿ ವಕೀಲರು ಸ್ಟಾಪ್‌ವಾಚ್ ಎತ್ತಿ ಏನೋ ಕೂಗುತ್ತಿದ್ದರು. ಗುಂಪಿನವರೆಲ್ಲ ಮುಂದಿನ ಜೋರಿನ ಸುತ್ತಿಗೆ ಹೋಗಿಯಾಗಿತ್ತು. ನಾನು ಅವನ ಅಂಗಿಯ ತೋಳು ಹಿಡಿದುಕೊಂಡೆ.

"ನಂಗಿನ್ನೂ ಕೋಪ ಹೋಗಿಲ್ಲ" ಎಂದೆ. "ಹೇಳೋದು ಬೇಕಾದಷ್ಟು ಉಳಿದಿದೆ. ಇವತ್ತಿಗೆಲ್ಲ ಮುಗಿಯಲ್ಲ."

ಅವನು ನನ್ನ ಕೈಯ ಮೇಲೆ ತನ್ನ ಕೈ ಇಟ್ಟ. ಈ ಸಲ ಹಿಂದೆ ತೆಗೆಯಲಿಲ್ಲ.

"ಭಾನುವಾರ ಲಾಂಗ್ ರನ್ ಇದೆಯಲ್ಲ" ಎಂದ. "ನಿನ್ನ ವೇಗಕ್ಕೇ ಓಡೋಣ. ಎಲ್ಲಾ ಹೇಳು."