ಮೂರು ನಕ್ಷೆಗಳಲ್ಲೂ ಇದ್ದ ಕೆಂಪು ಚುಕ್ಕೆ

ನನಗೆ ನೀರೆಂದರೆ ಭಯ. ಅದನ್ನು ಡೈರಿಗೆ ಮಾತ್ರ ಹೇಳಿದ್ದೆ. ಚಿಕ್ಕಪ್ಪ ತಮ್ಮ ಹಾಯಿದೋಣಿಯಲ್ಲಿ ದೂರದ ಯಾನಕ್ಕೆ ಕರೆದಾಗ ಬೇಡವೆನ್ನಲು ಬಾಯಿ ಬರಲಿಲ್ಲ.

ಹೊರಡುವ ಹಿಂದಿನ ಮಧ್ಯಾಹ್ನ, ದಾರಿ ತೋರಿಸುವ ಮೂರು ನಕ್ಷೆಯ ಸಾಫ್ಟ್‌ವೇರ್‌ಗಳಲ್ಲಿ ಒಂದನ್ನು ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ದೋಣಿಯ ಕೆಳಗಿನ ಕ್ಯಾಬಿನ್ನಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂತೆ. ಅದರ ಪರದೆಗೆ ಬಿಸಿಲು ಬೀಳದಿರಲೆಂದು ಚಿಕ್ಕಪ್ಪ ಕ್ಯಾಬಿನ್ನಿನ ಮುಚ್ಚಳವನ್ನು ಮೇಲಿನಿಂದ ಎಳೆದರು.

ಮೊದಲನೆಯದನ್ನು ತೆರೆದೆ. ಬಂದರಿನ ಬಾಯಲ್ಲಿ ಒಂದು ಕೆಂಪು ಚುಕ್ಕೆಯಿತ್ತು. ಯಾರಾದರೂ ನೀರಿಗೆ ಬಿದ್ದರೆ ಆ ಜಾಗಕ್ಕೆ ಹಾಕುವ ಗುರುತು ಅದು. ನಾನಂತೂ ಹಾಕಿರಲಿಲ್ಲ. ಎರಡನೆಯದು ಬೇರೆ ಕಂಪನಿಯದು. ಅದರಲ್ಲಿ ಚುಕ್ಕೆ ನಮ್ಮ ದೋಣಿ ಕಟ್ಟಿದ್ದ ಜೆಟ್ಟಿಯ ಪಕ್ಕಕ್ಕೆ ಬಂದಿತ್ತು. ಕ್ಯಾಬಿನ್ ತಣ್ಣಗಾಗತೊಡಗಿತು. ಮೂರನೆಯದರಲ್ಲಿ ಚುಕ್ಕೆ ನಮ್ಮ ದೋಣಿಯ ಮೇಲೆಯೇ ಇತ್ತು.

ಎದ್ದು ಮುಚ್ಚಳ ತಳ್ಳಿದೆ. ಅಲುಗಲಿಲ್ಲ.

"ಏನಮ್ಮ ಕ್ಯಾಪ್ಟನ್, ಯಾವುದು ಪಾಸಾಯ್ತು?" ಮೇಲಿನಿಂದ ಚಿಕ್ಕಪ್ಪನ ದನಿ.

"ಚಿಲಕ ತೆಗೀರಿ ಚಿಕ್ಕಪ್ಪ."

"ಚಿಲಕ ಎಲ್ಲಿದೆ ಅದಕ್ಕೆ? ಸುಮ್ನೆ ಎಳೆದಿದ್ದೀನಿ ಅಷ್ಟೇ."

ತಿರುಗಿ ನೋಡಿದೆ. ನಾನು ಕೂತಿದ್ದ ಬೆಂಚಿನ ದಿಂಬು ಒದ್ದೆಯಾಗಿತ್ತು, ಇನ್ನೂ ಯಾರೋ ಕೂತಿರುವ ಹಾಗೆ ತಗ್ಗಿಕೊಂಡೇ ಇತ್ತು.

"ಚಿಕ್ಕಪ್ಪ," ಎಂದೆ, "ನಾಳೆ ನಾನು ಬರಲ್ಲ. ನಂಗೆ ನೀರು ಅಂದ್ರೆ ಭಯ."